ಮೂವತ್ತೊಂದು ತಡವೇನು?

ಕೋಥರೂಡ, ಪುಣೆ

ಚಿ. ಪುಟ್ಟಿಗೆ ಅತ್ತಿಯ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಮನೆಯ ಸಾಲ, ನಿಮ್ಮಪ್ಪನ ಕಾಲುನೋವು, ಮುರಿದುಹೋದ ಸಂಬಂಧ, ಇವೆಲ್ಲ ನಮಗೆ ಗೊತ್ತಿದ್ದದ್ದೇ. ಆದರೆ ಕಡೆಗೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, 'ಮೂವತ್ತೊಂದಾಯಿತು ಅತ್ತಿ, ಈಗ ಲಾ ಕಾಲೇಜು ಸೇರುವುದೆಂದರೆ ಹೊತ್ತು ಮೀರಲಿಲ್ಲವೇ' ಎಂದು? ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ನಾವು ದಿನಾ ಓಡಾಡುವ ಕರ್ವೆ ರಸ್ತೆ ನಿನಗೆ ನೆನಪಿರಬೇಕು. ಅದಕ್ಕೆ ಹೆಸರು ಕೊಟ್ಟ, ಹೆಂಗಸರ ಓದಿಗಾಗಿ ದುಡಿದ ಧೋಂಡೋ ಕೇಶವ ಕರ್ವೆಯವರು ಹುಟ್ಟಿದ್ದು 1858ರ ಏಪ್ರಿಲ್ 18ರಂದು, ಕೊಂಕಣದಲ್ಲಿ. ಐದೇ ದಿನ ಕಳೆದು, 23ಕ್ಕೆ, ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ಇಪ್ಪತ್ತರ ಹೊತ್ತಿಗೆ ರಮಾಬಾಯಿ ಕಲಕತ್ತೆಯ ವಿದ್ವಾಂಸರಿಂದ 'ಪಂಡಿತಾ', 'ಸರಸ್ವತಿ' ಎನ್ನಿಸಿಕೊಂಡಿದ್ದರು. ಕರ್ವೆಯವರಿಗೆ ಆಗ ಮ್ಯಾಟ್ರಿಕ್ ಕೂಡ ಆಗಿರಲಿಲ್ಲ. ಹುಡುಗನಿದ್ದಾಗ ಪರೀಕ್ಷೆಗೆಂದು ಮಳೆಯಲ್ಲಿ ತಮ್ಮೂರು ಮುರುಡದಿಂದ ಸಾತಾರೆಯವರೆಗೆ ನಡೆದು ಹೋದರೆ, ನೋಡಲಿಕ್ಕೆ ಚಿಕ್ಕವನಾಗಿ ಕಾಣುತ್ತೀ, ವಯಸ್ಸು ಸಾಲದು ಎಂದು ತಿರುಗಿ ಕಳಿಸಿದರಂತೆ! ಬಿ.ಎ. ಆಗುವಾಗ ಇಪ್ಪತ್ತಾರು.

ಬೇಗ ಗೆದ್ದ ರಮಾಬಾಯಿಗೆ ಸುಖವಿತ್ತೆಂದು ತಿಳಿಯಬೇಡ. ಬರಗಾಲದಲ್ಲಿ ತಂದೆತಾಯಿ ಹೋದರು, ಆಮೇಲೆ ಅಣ್ಣ, 1882ರಲ್ಲಿ ಗಂಡ. ಕಂಕುಳಲ್ಲಿ ಹೆಣ್ಣುಕೂಸು. ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅಲ್ಲಿಗೆ ಓದಲು ಬಂದ ಮೊದಲ ವಿಧವೆ ಗೋದೂಬಾಯಿ. ಹೆಂಡತಿಯನ್ನು ಕಳೆದುಕೊಂಡಿದ್ದ ಕರ್ವೆ 1893ರಲ್ಲಿ ಮದುವೆಯಾದದ್ದು ಅವರನ್ನೇ. ಊರು ಬಹಿಷ್ಕಾರ ಹಾಕಿತು. ಕರ್ವೆಯವರು ಹೆಂಗಸರ ವಿಶ್ವವಿದ್ಯಾಲಯ ತೆರೆದದ್ದು 1916ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ. ನಿನ್ನ ಮೂವತ್ತೊಂದಕ್ಕೆ ಇನ್ನೂ ಇಪ್ಪತ್ತೇಳು ಕೂಡಿಸಿ ನೋಡು, ಪುಟ್ಟಿ.

ಆ ವಿಶ್ವವಿದ್ಯಾಲಯದ ಪುಣೆ ಕಾಲೇಜಿನ ಗೇಟಿನ ಮುಂದೆಯೇ ಕಾಯಿಪಲ್ಯ ತರಲು ಹೋಗುತ್ತಿದ್ದೆ. ಮದುವೆಗಾಗಿ ಪಿಯುಸಿಗೇ ಓದು ಬಿಟ್ಟವಳು ನಾನು. ಒಮ್ಮೆ ಧೈರ್ಯ ಮಾಡಿ ಅರ್ಜಿ ಫಾರ್ಮು ತಂದೆ. ಮನೆಯಲ್ಲಿ ಹಿರಿಯರೊಬ್ಬರು, 'ಮಕ್ಕಳ ಸಾಲೆಯ ಚೀಲ ತುಂಬುವ ವಯಸ್ಸಿನಲ್ಲಿ ನಿನಗೆಂಥ ಓದು' ಎಂದರು. ನಾನು ಎದುರಾಡಲಿಲ್ಲ. ಆಗ ನನಗೆ ಮೂವತ್ತೆರಡು. ಅದಕ್ಕೇ ನಿನ್ನ ಆ ಸಾಲು ನನ್ನನ್ನು ಇಷ್ಟು ಕಲಕಿತು. ಹೊತ್ತು ಮೀರಿತೆಂದು ನನಗೆ ಹೇಳಿದವರು ಬೇರೆ, ನೀನು ನಿನಗೇ ಹೇಳಿಕೊಳ್ಳುತ್ತಿದ್ದೀ.

ನಾನು ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ, ಬುದ್ಧಿ ಹೇಳಲು ಸಂಕೋಚವೇ. ಆದರೂ, ಸೀಟು ಕೈಗೆ ಬರುವ ತನಕ ನೌಕರಿ ಬಿಡಬೇಡ. ಮುಂಜಾನೆ ಒಂದು ತಾಸು ಓದಿ ನೋಡು, ಬಹುದಿನ ಬಿಟ್ಟದ್ದರಿಂದ ಮೊದಮೊದಲು ತಲೆಗೆ ಹತ್ತಲಿಕ್ಕಿಲ್ಲ. ಜನ ನಗುತ್ತಾರೆಯೇ ಎಂದು ಕೇಳಿದ್ದೀ. ಕೆಲವರು ನಗುತ್ತಾರೆ, ಇಲ್ಲವೆಂದು ಹೇಗೆ ಹೇಳಲಿ? ಮೊದಲ ವರ್ಷದ ಫೀ ನನ್ನದು. ನಿಮ್ಮಪ್ಪನಿಗೆ ನಾನೇ ಫೋನು ಮಾಡುತ್ತೇನೆ, ನನ್ನ ಮಾತು ತೆಗೆದುಹಾಕುವವನಲ್ಲ ಅವನು.

ಅರ್ಜಿಗೆ ಕಡೆಯ ತಾರೀಖು ಯಾವುದೆಂದು ಬೇಗ ತಿಳಿಸು.

ನಿನ್ನ ಅತ್ತಿ