ಅಡ್ಮಿಟ್ ಆದರಷ್ಟೇ ನಡೆಯುವ ಆಯುಷ್ಮಾನ್ ಕಾರ್ಡು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಬಸ್ ಸ್ಟ್ಯಾಂಡ್ ಎದುರಿಗೆ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಇಪ್ಪತ್ತೆರಡು ವರ್ಷದಿಂದ ಅದೇ ಗಲ್ಲಾದ ಹಿಂದೆ ಕೂತಿದ್ದೇನೆ. ಅಂಗಡಿ ಇಟ್ಟ ಹೊಸದರಲ್ಲಿ ಜನ ಜ್ವರ, ಕೆಮ್ಮು, ಭೇದಿ ಅಂತ ಬರುತ್ತಿದ್ದರು. ಈಗ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನಿಂತಿರುವವರಲ್ಲಿ ಅರ್ಧ ಜನ ಶುಗರ್‌ನವರು. ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ ಅನ್ನುವ ಮಾತನ್ನು ನಮ್ಮ ಕಡೆ ಈಗ ಯಾರೂ ಆಡುವುದಿಲ್ಲ.

ಮಡಚಿ ಮಡಚಿ ನಾಲ್ಕು ತುಂಡಾದ ಹಳೇ ಚೀಟಿ ತೋರಿಸಿ, ತಿಂಗಳ ಕೊನೆಯಾದರೆ ‘ಅರ್ಧ ಶೀಟ್ ಸಾಕಣ್ಣ’ ಅನ್ನುತ್ತಾರೆ. ಹತ್ತು ಮಾತ್ರೆಯ ಶೀಟನ್ನು ಕತ್ತರಿಯಲ್ಲಿ ಐದೈದು ಮಾಡುತ್ತೇನೆ. ಎಕ್ಸ್‌ಪೈರಿ ಡೇಟ್ ಇರುವ ತುದಿ ಅಂಗಡಿಯಲ್ಲಿ ಉಳಿಯಬೇಕು, ಇನ್ನೊಂದು ತುದಿ ಗಿರಾಕಿಗೆ. ಐದು ಮಾತ್ರೆ ಅಂದರೆ ಎರಡೂವರೆ ದಿನ. ಆಮೇಲೆ? ಕೂಲಿ ದುಡ್ಡು ಕೈಗೆ ಬರುವತನಕ ಮಾತ್ರೆ ಇಲ್ಲ.

ಎರಡು ವರ್ಷದ ಹಿಂದಿನ ಮಾತು. ಪಕ್ಕದ ಹಳ್ಳಿಯ ರೈತರೊಬ್ಬರು, ಕಡಲೆಕಾಯಿ ಬೆಳೆಯುವವರು, ಸಂಜೆ ಹೊತ್ತು ಬಂದು ಬ್ಯಾಂಡೇಜು, ಆಯಿಂಟ್‌ಮೆಂಟು ಕೇಳಿದರು. ಯಾತಕ್ಕೆ ಅಂದರೆ ಕಾಲಿಗೆ ಅಂದರು. ಚಪ್ಪಲಿ ಬಿಚ್ಚಿಸಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಜಾಲಿ ಮುಳ್ಳು ಮುರಿದುಕೊಂಡು ಕೂತಿದೆ, ಸುತ್ತ ಕೀವು, ವಾಸನೆ ಬೇರೆ. ‘ನೋಯಲ್ವಾ?’ ಅಂದೆ. ‘ನೋವೇ ಇಲ್ಲ ಕಣಪ್ಪ. ಹಾಸಿಗೆ ಮೇಲೆ ರಕ್ತ ಆಗಿತ್ತಂತೆ, ಮಗಳು ನೋಡಿ ಹೇಳಿದ್ಲು’ ಅಂದರು. ಅವರಿಗೆ ಎಂಟು ವರ್ಷದಿಂದ ಶುಗರ್. ಪಾದದ ನರ ಯಾವತ್ತೋ ಸತ್ತಿತ್ತು. ಈ ಎಂಟು ವರ್ಷದಲ್ಲಿ ಒಬ್ಬರೂ ಅವರ ಪಾದ ಮುಟ್ಟಿ ನೋಡಿರಲಿಲ್ಲ. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆಯ ಹೆಸರನ್ನೇ ಅವರು ಕೇಳಿರಲಿಲ್ಲ. ತಲೆ ಸುತ್ತಿದರೆ ಮಾತ್ರೆ ನುಂಗುವುದು, ಸರಿಹೋಯಿತು ಅನಿಸಿದರೆ ಬಿಡುವುದು, ಇಷ್ಟೇ ಚಿಕಿತ್ಸೆ.

ಒಂದೂವರೆ ತಿಂಗಳಿಗೆ ಮೊಣಕಾಲ ಕೆಳಗೆ ಕಾಲು ತೆಗೆದರು.

ಆಗ ಆಯುಷ್ಮಾನ್ ಕಾರ್ಡು ಚೆನ್ನಾಗಿಯೇ ಕೆಲಸ ಮಾಡಿತು. ಅದನ್ನು ಹೇಳದಿದ್ದರೆ ಬಾಯಲ್ಲಿ ಹುಳ ಬೀಳುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ, ಅಲ್ಲಿಂದ ದೊಡ್ಡಾಸ್ಪತ್ರೆ, ಆಪರೇಷನ್ನಿಗೆ ಮನೆಯವರು ಒಂದು ರೂಪಾಯಿ ಕಟ್ಟಲಿಲ್ಲ. ನನ್ನ ತಕರಾರು ಇರುವುದು ಅದಕ್ಕೆ ಹಿಂದಿನ ಎಂಟು ವರ್ಷದ ಬಗ್ಗೆ. ಅಷ್ಟೂ ವರ್ಷ ಆ ಕುಟುಂಬಕ್ಕೆ ಸರ್ಕಾರದ ವಿಮೆಯಿಂದ ಮೂರು ಕಾಸಿನ ಉಪಯೋಗ ಇರಲಿಲ್ಲ.

ನಿಮಗೆ ಗೊತ್ತಿರುವುದೇ ಆದರೂ ಓದುವವರಿಗಾಗಿ ಹೇಳುತ್ತೇನೆ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ ಒಂದಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಹಣ ಪಾವತಿ ಮಾಡುವುದು ನಿಮ್ಮದೇ ಇಲಾಖೆಯ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಪಟ್ಟಿಯಲ್ಲಿ ಸಾವಿರದ ಆರುನೂರಕ್ಕೂ ಹೆಚ್ಚು ಚಿಕಿತ್ಸೆಗಳಿವೆ: ಹೃದಯಕ್ಕೆ ಸ್ಟೆಂಟು, ಡಯಾಲಿಸಿಸ್, ಕಾಲು ತೆಗೆಯುವುದು. ಹತ್ತಿಪ್ಪತ್ತು ವರ್ಷ ಕೈಬಿಟ್ಟ ಶುಗರ್ ಕೊನೆಗೆ ಹೋಗಿ ನಿಲ್ಲುವ ಜಾಗಗಳೇ ಇವು. ಅಲ್ಲಿಗೆ ಹೋಗದ ಹಾಗೆ ತಡೆಯುವ ಕೆಲಸ ಒಪಿಡಿಯಲ್ಲಿ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಹೋಗುವ ಕಡೆ ಆಗಬೇಕು, ಒಪಿಡಿ ಮಾತ್ರ ಪಟ್ಟಿಯಲ್ಲಿಲ್ಲ. ಸಹಕಾರ ಸಂಘದ ಸದಸ್ಯರಿಗೆ ಅಂತ 2003ರಲ್ಲಿ ಶುರುವಾದ ಯಶಸ್ವಿನಿಯೂ ಮುಖ್ಯವಾಗಿ ಆಪರೇಷನ್ನುಗಳ ಯೋಜನೆಯೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಸ್ವಲ್ಪ ಭಾಗ ಡಯಾಲಿಸಿಸ್ ಕುರ್ಚಿಗೆ ಬಂದು ಕೂತರೂ ಯಾವ ಟ್ರಸ್ಟಿನ ಖಜಾನೆಯೂ ತಾಳುವುದಿಲ್ಲ. ಒಬ್ಬರಿಗೆ ವಾರಕ್ಕೆ ಎರಡು ಮೂರು ಸಲ, ಬದುಕಿರುವಷ್ಟು ದಿನ ಮಾಡಿಸಬೇಕಲ್ಲ. ಅದೇ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ದಿನಕ್ಕೆ ಎರಡು ನುಂಗಿದರೂ ನನ್ನಂಗಡಿ ಬೆಲೆಯಲ್ಲಿ ನಾಲ್ಕೈದು ರೂಪಾಯಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್ ಮಾತ್ರೆ ಪುಕ್ಕಟೆ ಕೊಡುತ್ತೇವಲ್ಲ ಅನ್ನುತ್ತೀರಿ. ಹೌದು, ಕೊಡುತ್ತಾರೆ. 2024ರಲ್ಲಿ ಕೋಲಾರದಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಒಳ್ಳೆಯ ಕೆಲಸ, ನಿಜಕ್ಕೂ. ಆದರೆ ಶುಗರ್ ಇದೆ ಅಂತ ಕಂಡುಹಿಡಿಯುವುದು ಒಂದು ದಿನದ ಕೆಲಸ, ಹಿಡಿತದಲ್ಲಿ ಇಡುವುದು ಜೀವನಪೂರ್ತಿ ಕೆಲಸ. ನನ್ನ ಅಂಗಡಿಗೆ ಬರುವವರು ಹೇಳುವ ಮಾತು ಕೇಳಿ. ಹದಿನೈದು ದಿನದ ಮಾತ್ರೆ ಕೊಡುತ್ತಾರೆ, ತಿಂಗಳಿಗೆ ಎರಡು ದಿನದ ಕೂಲಿ ಬಿಟ್ಟು ಹೋಗಬೇಕು. ಹೋದ ದಿನ ‘ಸ್ಟಾಕ್ ಬಂದಿಲ್ಲ, ಹೊರಗಡೆ ತಗೊಳ್ಳಿ’ ಅಂದರೆ ಅದೂ ದಂಡ. ಆ ‘ಹೊರಗಡೆ’ ಅಂದರೆ ನಾನೇ.

ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಅವನಿಗೂ ಶುಗರ್, ನಮ್ಮ ಮನೆತನದ ಆಸ್ತಿ ಅದು. ಅಲ್ಲಿನ ವಿಮೆಯದು ದೊಡ್ಡ ರಾಮಾಯಣ: ಆ ಡಾಕ್ಟರು ನಮ್ಮ ಪಟ್ಟಿಯಲ್ಲಿಲ್ಲ, ಈ ಔಷಧಿಗೆ ಮೊದಲು ಒಪ್ಪಿಗೆ ತನ್ನಿ ಅಂತ ಸತಾಯಿಸುತ್ತಾರಂತೆ. ಅದು ನಮಗೆ ಬೇಡವೇ ಬೇಡ. ಆದರೆ ಅವನಿಗೆ ವಿಮೆಯವರೇ ವರ್ಷಕ್ಕೊಮ್ಮೆ ಫೋನ್ ಮಾಡಿ ‘ಕಣ್ಣು ತೋರಿಸಿದಿರಾ?’ ಅಂತ ವಿಚಾರಿಸುತ್ತಾರೆ. ಅವರಿಗೇನು ಇವನ ಮೇಲೆ ಅಕ್ಕರೆಯೇ? 1973ರ ಒಂದು ಕಾಯ್ದೆಯಿಂದ ಅಲ್ಲಿ ಬೆಳೆದುಕೊಂಡು ಬಂದ ಪದ್ಧತಿ ಇದು. ತಲೆಗೆ ಇಷ್ಟು ಅಂತ ಮೊದಲೇ ಹಣ ಪಡೆದ ಸಂಸ್ಥೆಗೆ, ಸದಸ್ಯ ಆಸ್ಪತ್ರೆ ಸೇರಿದರೆ ನಷ್ಟ. ಮೇಲಾಗಿ ಎಷ್ಟು ಮಧುಮೇಹಿಗಳ ಕಣ್ಣು ಪರೀಕ್ಷೆ ಆಯಿತು, ಎಷ್ಟು ಜನರ ಎಚ್‌ಬಿಎ1ಸಿ ಹಿಡಿತದಲ್ಲಿದೆ ಅಂತ ಒಂದೊಂದು ವಿಮೆ ಯೋಜನೆಯನ್ನೂ ಅಳೆದು ಅಂಕ ಕೊಡುತ್ತಾರೆ.

ನಮ್ಮಲ್ಲಿ ಟ್ರಸ್ಟೂ ನಿಮ್ಮದೇ, ಆರೋಗ್ಯ ಕೇಂದ್ರವೂ ನಿಮ್ಮದೇ. ಆದರೂ ಆರೋಗ್ಯ ಕೇಂದ್ರದಲ್ಲಿ ಒಂದು ಪಾದ ನೋಡದೆ ಬಿಟ್ಟರೆ ಅದರ ಬಿಲ್ಲು ಟ್ರಸ್ಟಿಗೆ ಬರುತ್ತದೆ ಅನ್ನುವ ಲೆಕ್ಕವನ್ನು ಯಾರೂ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಕಾಣುವುದಿಲ್ಲ.

ನಾನು ಕೇಳುವುದು ಇಷ್ಟು. ಕಾರ್ಡು ಇರುವ ಪ್ರತಿ ಮಧುಮೇಹಿಯ ಹೆಸರಿಗೆ ವರ್ಷಕ್ಕೊಂದು ಸಣ್ಣ ಮೊತ್ತವನ್ನು ಟ್ರಸ್ಟಿನಿಂದಲೇ ಅವರ ಆರೋಗ್ಯ ಕೇಂದ್ರಕ್ಕೆ ಕೊಡಿ. ಅದರಲ್ಲಿ ವರ್ಷಕ್ಕೆ ಎರಡು ಸಲ ಎಚ್‌ಬಿಎ1ಸಿ, ಒಂದು ಸಲ ಕಣ್ಣು, ಮೂತ್ರಪಿಂಡದ ಪರೀಕ್ಷೆ, ಹೋದಾಗಲೆಲ್ಲ ಚಪ್ಪಲಿ ಬಿಚ್ಚಿಸಿ ಪಾದ ನೋಡುವುದು ಆಗಲಿ. ಮಾತ್ರೆ ಒಂದೇ ಸಲಕ್ಕೆ ಎರಡು ತಿಂಗಳಿಗೆ ಕೊಡಲಿ. ಇನ್ಸುಲಿನ್ ಬೇಕಾದವರಿಗೆ ಸಿರಿಂಜ್ ಸಮೇತ ಅಲ್ಲೇ ಸಿಗಲಿ. ಆಮೇಲೆ ತಾಲ್ಲೂಕುವಾರು ಎರಡು ಅಂಕಿ ಅಕ್ಕಪಕ್ಕ ಪ್ರಕಟಿಸಿ: ಈ ವರ್ಷ ಶುಗರ್‌ನಿಂದ ಎಷ್ಟು ಕಾಲು ತೆಗೆದೆವು, ಎಷ್ಟು ಪಾದ ನೋಡಿದೆವು. ಎಲ್ಲ ಜಿಲ್ಲೆಗೂ ಒಟ್ಟಿಗೆ ಆಗದಿದ್ದರೆ ಗೃಹ ಆರೋಗ್ಯದ ಹಾಗೆ ಕೋಲಾರದಲ್ಲೇ ಶುರು ಮಾಡಿ, ಅಲ್ಲಿ ಶುಗರ್‌ನವರ ಪಟ್ಟಿ ಹೇಗೂ ಇರುತ್ತದೆ.

ಇದು ನನ್ನ ಹೊಟ್ಟೆ ಮೇಲೆ ನಾನೇ ಕಲ್ಲು ಹಾಕಿಕೊಳ್ಳುವ ಮಾತು ಅಂತ ನನ್ನ ಹೆಂಡತಿ ಆಗಲೇ ಹೇಳಿದ್ದಾಳೆ. ಇರಲಿ. ಅರ್ಧ ಶೀಟಿನಲ್ಲಿ ಉಳಿಯುವ ಲಾಭ ಎಷ್ಟು ಅಂತ ಅವಳಿಗೂ ಗೊತ್ತು.

ಆ ರೈತರು ಈಗ ಪ್ರತಿ ತಿಂಗಳು ಮಗಳ ಸ್ಕೂಟರ್ ಹಿಂದೆ ಕೂತು ಇನ್ಸುಲಿನ್‌ಗೆ ಬರುತ್ತಾರೆ. ಮನೆಯಲ್ಲಿ ಫ್ರಿಜ್ ಇಲ್ಲ, ಬಾಟಲಿಯನ್ನು ನೀರಿನ ಮಡಕೆ ಪಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ಔಷಧಿ ತೆಗೆದುಕೊಂಡ ಮೇಲೆ ಬಲಗಾಲನ್ನು ಅಂಗಡಿ ಮೆಟ್ಟಿಲ ಮೇಲೆ ಇಟ್ಟು ‘ಒಂದ್ಸಲ ನೋಡಪ್ಪ’ ಅನ್ನುತ್ತಾರೆ. ನಾನು ಓದಿರುವುದು ಡಿ.ಫಾರ್ಮಾ, ಡಾಕ್ಟರಲ್ಲ. ಆದರೂ ಮೊಬೈಲ್ ಟಾರ್ಚ್ ಹಾಕಿ ಬೆರಳ ಸಂದು, ಅಂಗಾಲು, ಹಿಮ್ಮಡಿ ಎಲ್ಲ ನೋಡುತ್ತೇನೆ. ಹೋದ ಗುರುವಾರ ಹಿಮ್ಮಡಿಯಲ್ಲಿ ಒಂದು ಬಿರುಕು ಇತ್ತು, ಗಾಯ ಇರಲಿಲ್ಲ. ಮುಂದಿನ ತಿಂಗಳು ಮತ್ತೆ ನೋಡುತ್ತೇನೆ.

ಇತಿ,
ತುಮಕೂರು ಜಿಲ್ಲೆಯ ಒಬ್ಬ ಮೆಡಿಕಲ್ ಸ್ಟೋರಿನವ