ಒಬ್ಬಟ್ಟಿನ ವಿಚಾರವಾಗಿ ಮಗಳಿಗೊಂದು ಪತ್ರ

ಮಂಡ್ಯ,
ಯುಗಾದಿ ಕಳೆದು ಹತ್ತನೆಯ ದಿನ

ಚಿ. ಸೌ. ಪುಟ್ಟಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಹಬ್ಬ ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ನೀನು ನನ್ನೊಡನೆ ಮಾತು ಬಿಟ್ಟು, ನನ್ನ ಕ್ಷೇಮವನ್ನು ದಿನಕ್ಕೆರಡು ಸಲ ನಿಮ್ಮಮ್ಮನಿಂದ ಗುಟ್ಟಾಗಿ ವಿಚಾರಿಸಿಕೊಳ್ಳುತ್ತಿರುವುದು ನನಗೆ ಗೊತ್ತು. ಇರಲಿ. ಫೋನಿನಲ್ಲಾದರೆ ನಾನು ಮೇಷ್ಟ್ರ ಹಾಗೆ ಪಾಠ ಶುರುಮಾಡುತ್ತೇನೆ, ನೀನು ಹೆಡ್‌ಮಾಸ್ಟರ ಹಾಗೆ ಗದರುತ್ತೀಯೆ. ಕಾಗದವೇ ವಾಸಿ.

ಹಬ್ಬದ ದಿನ ಆದದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನೀವೆಲ್ಲ ಊಟ ಮುಗಿಸಿ ಎಲೆ ಎತ್ತುತ್ತಿದ್ದಿರಿ. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಒಲೆಯ ಪಕ್ಕ ಪೇಪರಿನ ಮೇಲೆ ಒಬ್ಬಟ್ಟು ಆರಲು ಹಾಕಿದ್ದರು. ಒಂದನ್ನು ನಾಲ್ಕಾಗಿ ಮಡಿಸಿ, ತುಪ್ಪಕ್ಕೆ ಅದ್ದಿ, ಬಾಗಿಲಿಗೆ ಬೆನ್ನು ಮಾಡಿ ನಿಂತು ತಿಂದೆ. ಇಪ್ಪತ್ತು ನಿಮಿಷ ಆಗಿರಲಿಲ್ಲ, ಎದೆ ಡವಡವ, ಕುತ್ತಿಗೆಯಿಂದ ಬೆವರು, ಹೊಟ್ಟೆ ಹಿಂಡಿದಂತೆ ನೋವು. ನಡುಮನೆಯ ನೆಲದ ಮೇಲೆ ಅಡ್ಡಬಿದ್ದವನನ್ನು ಕಂಡು ನೀನು ಹೃದಯಾಘಾತವೆಂದೇ ಬೆದರಿದೆ. ಕಾರಣ ತಿಳಿದ ಮೇಲೆ ಕೇಳಿದೆ: “ಅಷ್ಟು ದೊಡ್ಡ ಆಪರೇಷನ್ ಆದ ಮೇಲೂ ನಾಲಿಗೆ ಹಿಡಿತದಲ್ಲಿಲ್ಲವೇ ಅಪ್ಪ?”

ಇಲ್ಲವಮ್ಮ. ಆಪರೇಷನ್ ಮಾಡಿದ್ದು ಹೊಟ್ಟೆಗೆ.

ಸ್ವಲ್ಪ ಪಾಠ ಮಾಡದೆ ನನಗೆ ಸಮಾಧಾನವಿಲ್ಲ. ನನಗೆ ಮಾಡಿರುವುದು ತೂಕ ಇಳಿಸುವ ಬೈಪಾಸ್, ಹೃದಯದ್ದಲ್ಲ, ಜಠರದ್ದು. ಜಠರದ ಮೇಲ್ತುದಿಯಲ್ಲಿ ಕೋಳಿಮೊಟ್ಟೆಯಷ್ಟು, ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲವೊಂದನ್ನು ಬೇರೆಮಾಡಿ ಅದಕ್ಕೆ ಸಣ್ಣ ಕರುಳನ್ನು ಜೋಡಿಸಿದ್ದಾರೆ. ಮಿಕ್ಕ ಜಠರ ಒಳಗೇ ಇದೆ, ಆದರೆ ಅನ್ನ ಆ ದಾರಿಯಲ್ಲಿ ಹೋಗುವುದಿಲ್ಲ. ಈ ದಾರಿಯನ್ನು ಮೊದಲು ತೆರೆದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, 1966ರಲ್ಲಿ. ಉಂಡದ್ದನ್ನು ಸ್ವಲ್ಪಸ್ವಲ್ಪವೇ ಕೆಳಗೆ ಬಿಡುವ ಕವಾಟ ಜಠರದ ಕೆಳತುದಿಯಲ್ಲಿರುತ್ತದೆ. ನನ್ನ ಹೊಸ ದಾರಿಯಲ್ಲಿ ಆ ಕಾವಲುಗಾರನೇ ಇಲ್ಲ. ಬೆಲ್ಲ ನೇರವಾಗಿ ಕರುಳಿಗೆ ನುಗ್ಗಿ ಮೈಯ ನೀರನ್ನೆಲ್ಲ ಅಲ್ಲಿಗೆ ಸೆಳೆಯುತ್ತದೆ. ಡಾಕ್ಟರು ಇದನ್ನು ಡಂಪಿಂಗ್ ಎನ್ನುತ್ತಾರೆ. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ತಿಂದೆ.

ಮೊದಲ ಆರು ತಿಂಗಳು ಹಸಿವೆಂಬುದೇ ಇರಲಿಲ್ಲ. ಗಡಿಯಾರ ನೋಡಿ ಉಣ್ಣುತ್ತಿದ್ದೆ. ಆಮೇಲೆ ಹಸಿವು ಮೆಲ್ಲಗೆ ಬಂತು, ಅದರದೇನೂ ತಕರಾರಿಲ್ಲ, ಒಂದು ಮೊಟ್ಟೆ ಕೊಟ್ಟರೆ ಸುಮ್ಮನಾಗುತ್ತದೆ. ಆಸೆಯದು ಬೇರೆ ಜಾತಿ. ಅದಕ್ಕೆ ಊಟದ ಹೊತ್ತೆಂಬುದಿಲ್ಲ. ತಪಾಸಣೆಗೆಂದು ಬೆಂಗಳೂರಿಗೆ ರೈಲಿನಲ್ಲಿ ಬರುವಾಗ ಮದ್ದೂರು ಹತ್ತಿರವಾದರೆ ಸಾಕು, ಹೊಟ್ಟೆ ತುಂಬಿದ್ದರೂ ಬಾಯಲ್ಲಿ ನೀರು. ವಡೆಯವನ ಕೂಗಿಗಿಂತ ಮೊದಲೇ ಈರುಳ್ಳಿಯ ವಾಸನೆ ಮೂಗಿಗೆ ಬಂದಿರುತ್ತದೆ. ಹೋದ ಸಲ ಒಂದು ಕೊಂಡು, ಅಂಚಿನ ಗರಿಯಾದ ಚೂರನ್ನಷ್ಟೇ ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಎದುರು ಸೀಟಿನ ಹುಡುಗನಿಗೆ ಕೊಟ್ಟೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ನೀನು ಬೆಲ್ಲಕ್ಕೆ ಹೆದರುತ್ತೀಯೆ. ನಿಜವಾಗಿ ಹೆದರಬೇಕಾದ್ದು ನಿಪ್ಪಟ್ಟಿಗೆ. ಒಬ್ಬಟ್ಟು ತಿಂದರೆ ಕೂಡಲೇ ಶಿಕ್ಷೆಯಾಗುತ್ತದೆ. ನಿಪ್ಪಟ್ಟು, ಚಕ್ಕುಲಿ, ಖಾರದ ಪುರಿ ಹಾಗಲ್ಲ, ಪುಡಿಯಾಗಿ ಜಾರಿಕೊಂಡು ಹೋಗುತ್ತವೆ, ಸಾಕೆಂದು ಚೀಲ ಹೇಳುವುದೇ ಇಲ್ಲ. ಕ್ರಿಕೆಟ್ ನೋಡುತ್ತಾ ಒಂದು ಸಂಜೆ ಅರ್ಧ ಡಬ್ಬ ಖಾಲಿ ಮಾಡಿದ್ದೇನೆ. 118 ಕಿಲೋದಿಂದ 82ಕ್ಕೆ ಇಳಿದವನು ಈಗ 86 ಇದ್ದೇನಲ್ಲ, ಆ ನಾಲ್ಕು ಕಿಲೋ ಅದೇ ಡಬ್ಬದಿಂದ ಬಂದದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ.

ಆದರೆ ನನ್ನನ್ನು ನಿಜಕ್ಕೂ ಕಾಡುವುದು ಒಬ್ಬಟ್ಟೂ ಅಲ್ಲ, ವಡೆಯೂ ಅಲ್ಲ. ಮುದ್ದೆ.

ಡಾಕ್ಟರಮ್ಮನ ಮೊದಲ ಆಜ್ಞೆ, ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಮುದ್ದೆಯನ್ನು ಅಗಿಯುವುದುಂಟೇ? ಕೆಲಸ ಹುಡುಕಿಕೊಂಡು ನಮ್ಮೂರಿಗೆ ಬಂದವರು ಮುದ್ದೆ ಅಗಿದರೆ ನಾವು ನಕ್ಕಿದ್ದೇವೆ. ಅರವತ್ತೆರಡು ವರ್ಷ ನುಂಗಿದ ಗಂಟಲಿದು. ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ನೆಲ್ಲಿಕಾಯಿಯಷ್ಟು ಮುದ್ದೆಯನ್ನು ಉಪ್ಪುಸಾರಿಗೆ ಹೊರಳಿಸಿ ಬಾಯಿಗಿಟ್ಟೆ. ಅಗಿಯಬೇಕೆಂದು ನೆನಪಾಗುವಷ್ಟರಲ್ಲಿ ಗಂಟಲು ತನ್ನ ಕೆಲಸ ಮುಗಿಸಿತ್ತು. ಎದೆಗೂಡಿನ ಹಿಂದೆ ಕಲ್ಲಿನಂತೆ ಕೂತಿತು. ಬಾಯಿ ತುಂಬ ನೊರೆ ನೊರೆಯಾದ ಜೊಲ್ಲು. ಹಿತ್ತಲ ಬಚ್ಚಲಿನ ಹತ್ತಿರ ಮುಕ್ಕಾಲು ಗಂಟೆ ಬಗ್ಗಿ ನಿಂತಿದ್ದೆ, ಅದು ಬಂದ ದಾರಿಯಲ್ಲೇ ವಾಪಸಾಗುವವರೆಗೆ. ಆಮೇಲೆ ಅಗಿದೂ ನೋಡಿದೆ. ಹಲ್ಲಿಗೆ ಮೆತ್ತಿಕೊಂಡ ರಾಗಿಹಿಟ್ಟು ಅಷ್ಟೇ, ಅದು ಮುದ್ದೆಯಲ್ಲ. ಜಾರಿ ಹೋಗುವಾಗ ಗಂಟಲಿಗೆ ಆಗುವ ಆ ಬಿಸಿಯೇ ಅದರ ರುಚಿಯೆಂದು ನನಗೆ ತಿಳಿದದ್ದು ಅವತ್ತು.

ಅಂದಿನಿಂದ ನಿಮ್ಮಮ್ಮ ಮುದ್ದೆಕೋಲನ್ನು ಅಟ್ಟಕ್ಕೆ ಹಾಕಿದಳು. ನನಗಾಗಿ ಬಿಟ್ಟಳೆಂದುಕೊಂಡಿದ್ದೆ. ಹೋದ ತಿಂಗಳು ಮಧ್ಯಾಹ್ನದ ನಿದ್ದೆಯಿಂದ ಬೇಗ ಎದ್ದು ಹಿತ್ತಲಿಗೆ ಹೋದರೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋಸಿ ಇಟ್ಟುಕೊಂಡು, ನಿಂತುಕೊಂಡೇ ಗಬಗಬ ನುಂಗುತ್ತಿದ್ದಳು. ಪಕ್ಕದ ಮನೆಯಿಂದ ಕಳಿಸಿದ ಮುದ್ದೆಯಂತೆ. ನನ್ನನ್ನು ಕಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಬೋಸಿಯನ್ನು ಸೆರಗಿನ ಮರೆಗೆ ಸರಿಸಿದಳು. ಮೂವತ್ತಾರು ವರ್ಷದ ಸಂಸಾರದಲ್ಲಿ ನಾನು ಇಷ್ಟು ನಾಚಿಕೊಂಡದ್ದಿಲ್ಲ. ನಾನು ನಿಪ್ಪಟ್ಟಿನ ಕಳ್ಳ, ಅವಳು ಮುದ್ದೆಯ ಕಳ್ಳಿ, ಅಡುಗೆಮನೆಗೆ ನೀನು ಪೊಲೀಸು.

ಅದಕ್ಕೇ ಕೇಳುತ್ತಿದ್ದೇನೆ, ಕಾವಲು ತೆಗೆ. ಕದ್ದು ತಿನ್ನುವಾಗ ಅವಸರವಿರುತ್ತದೆ, ಅವಸರದಲ್ಲಿ ಅರ್ಧಕ್ಕೆ ನಿಲ್ಲಿಸಲು ಆಗುವುದಿಲ್ಲ. ಅವತ್ತು ನನ್ನ ಬಟ್ಟಲಿಗೆ ನೀನೇ ಒಂದು ಚಮಚ ಹೂರಣ ಬಡಿಸಿದ್ದರೆ, ಮೊದಲು ಕೋಸಂಬರಿ, ಮೊಸರು ತಿಂದು, ಕೊನೆಗೆ ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಮುಗಿಸುತ್ತಿದ್ದೆನೋ ಏನೋ. ಖಚಿತವಾಗಿ ಹೇಳಲಾರೆ, ಆದರೆ ಬಾಗಿಲಿಗೆ ಬೆನ್ನು ಮಾಡುತ್ತಿರಲಿಲ್ಲ. ಮಾರನೆಯ ದಿನ ನಿಮ್ಮಮ್ಮ ಒಬ್ಬಟ್ಟಿನ ಸಾರು ಕಾಯಿಸಿಕೊಟ್ಟಳು, ಎರಡನೆಯ ದಿನದ್ದು, ಬೇಳೆಕಟ್ಟು ಹುಣಸೆ ತೆಂಗಿನಕಾಯಿ ಎಲ್ಲ ಹೊಂದಿಕೊಂಡದ್ದು. ಪುಟ್ಟ ಬಟ್ಟಲಲ್ಲಿ ಅರ್ಧ, ಚಮಚದಲ್ಲಿ ಗುಟುಕರಿಸುತ್ತ ಅರ್ಧ ಗಂಟೆ ಕೂತೆ. ಏನೂ ಆಗಲಿಲ್ಲ. ಹಬ್ಬದೂಟ ನನಗೆ ಅವತ್ತಾಯಿತು.

ಉಳಿದದ್ದೆಲ್ಲ ಸರಿಯಾಗಿದೆ. ಇನ್ಸುಲಿನ್ ಬಿಟ್ಟು ವರ್ಷ ಮೇಲಾಯಿತು. ದಿನಕ್ಕೆ 60 ಗ್ರಾಂ ಪ್ರೋಟೀನ್ ಮುಟ್ಟಿಸಲು ಮೊಟ್ಟೆ, ಮೊಸರು, ಮೊಳಕೆ ಹುರುಳಿಕಾಳು, ವಾರಕ್ಕೆರಡು ಸಲ ಮೀನು. ಊಟಕ್ಕೆ ಅರ್ಧ ಗಂಟೆ ಮೊದಲು, ಅರ್ಧ ಗಂಟೆ ಆಮೇಲೆ ನೀರು ಮುಟ್ಟುವುದಿಲ್ಲ. ನೀನು ಬರೆದು ಅಂಟಿಸಿದ ಚೀಟಿ ಫ್ರಿಜ್ಜಿನ ಮೇಲೆ ಹಾಗೇ ಇದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ ತಪ್ಪಿಸಿಲ್ಲ. ಉದುರಿದ ಕೂದಲು ಮತ್ತೆ ಬರುತ್ತದೆಂದಿದ್ದರು, ಬಂದಿದೆ, ಮೊದಲೇ ಇಲ್ಲದ ಜಾಗದಲ್ಲಿ ಮಾತ್ರ ಬಂದಿಲ್ಲ.

ಮುಂದಿನ ಭಾನುವಾರ ಬಾ. ಮುದ್ದೆಕೋಲನ್ನು ಅಟ್ಟದಿಂದ ನಾನೇ ಇಳಿಸಿ ತೊಳೆದಿಟ್ಟಿದ್ದೇನೆ. ಬಸ್ಸಾರಿಗೆ ಸೊಪ್ಪು ಬಿಡಿಸುವುದೂ ನನ್ನ ಪಾಲು. ನೀವಿಬ್ಬರೂ ನನ್ನೆದುರಿಗೇ ಕೂತು ನುಂಗಬೇಕು. ನಾನು ಪಲ್ಯದ ಹುರುಳಿಕಾಳನ್ನು ಒಂದೊಂದಾಗಿ ಅಗಿಯುತ್ತಿರುತ್ತೇನೆ. ನೀನು ಎರಡನೆಯ ಮುದ್ದೆಗೆ ಕೈ ಹಾಕುವ ಹೊತ್ತಿಗೆ ನನ್ನ ಬಟ್ಟಲು ಕಾಲುಭಾಗವಷ್ಟೇ ಖಾಲಿಯಾಗಿರುತ್ತದೆ, ಕಾಯಬೇಡ.

ಬರುವಾಗ ಕ್ಯಾಲ್ಸಿಯಂ ಸಿಟ್ರೇಟ್ ಮಾತ್ರೆ ತಾ, ಇಲ್ಲಿನ ಅಂಗಡಿಯಲ್ಲಿ ಮುಗಿದಿದೆಯಂತೆ. ನಿಪ್ಪಟ್ಟಿನ ಡಬ್ಬವನ್ನು ವಾಪಸು ಹೋಗುವಾಗ ನೀನೇ ತೆಗೆದುಕೊಂಡು ಹೋಗು.

ಇಂತಿ,
ನಿನ್ನ ಅಪ್ಪ