ಚಿನ್ನಿಯ ಆಟ ಬಿಡಿಸಬೇಡ, ಅಣ್ಣಾ

ಬ್ರಿಸ್ಟಲ್, ಇಂಗ್ಲೆಂಡ್
5 ಅಕ್ಟೋಬರ್ 2025

ಪ್ರೀತಿಯ ಅಣ್ಣನಿಗೆ,

ಬನ್ನಿ ತಗೊಂಡು ಬಂಗಾರದ ಹಂಗೆ ಇರೋಣ. ಈ ಸಲವೂ ಬನ್ನಿ ಕೊಡೋಕೆ ನಾನು ಮನೇಲಿ ಇರಲಿಲ್ಲ. ಅವ್ವ-ಅಪ್ಪನ ಕಾಲಿಗೆ ನನ್ನ ಪರವಾಗಿ ನೀನೇ ಬೀಳು. ಮುಧೋಳದಲ್ಲಿ ಮಳೆ ಬಿಟ್ಟಿತಾ? ಹೊಳೆ ಕಡೆ ಹೊಲದಲ್ಲಿ ಕಬ್ಬು ಮಲಗಿದೆ ಅಂತ ವೈನಿ ಹೇಳಿದರು, ಕೇಳಿ ಕೆಟ್ಟ ಅನಿಸಿತು.

ವೈನಿ ಇನ್ನೊಂದು ಮಾತೂ ಹೇಳಿದರು. ಮಗಳು ಚಿನ್ನಿಯ ಕಬಡ್ಡಿ ಬಿಡಿಸಿದ್ದೀಯಂತೆ. ತಾಲೂಕು ಟೀಮಿಗೆ ಆಯ್ಕೆ ಆದ ಹುಡುಗೀನ. "ದೊಡ್ಡಾಕಿ ಆದಳು, ಮೈ ಬೇರೆ ದಪ್ಪ, ಚಡ್ಡಿ ಹಾಕ್ಕೊಂಡು ಮಂದಿ ಮುಂದೆ ಆಡೋದು ಇನ್ನ ಸಾಕು" ಅಂದೆಯಂತೆ. ಫೋನಿನಲ್ಲಿ ಮಾತಾಡಿದರೆ "ಆಯ್ತು, ನೋಡೋಣ" ಅಂತ ಇಟ್ಟುಬಿಡ್ತೀಯ, ಅದಕ್ಕೆ ಬರೆದು ಕಳಿಸ್ತಿದ್ದೇನೆ. ಉದ್ದ ಆಗುತ್ತೆ, ಆದರೂ ಪೂರ್ತಿ ಓದು.

ಇಲ್ಲಿ ಆಗಸ್ಟ್ 22ರಿಂದ ಸೆಪ್ಟೆಂಬರ್ 27ರವರೆಗೆ ಹೆಣ್ಣುಮಕ್ಕಳ ರಗ್ಬಿ ವಿಶ್ವಕಪ್ ನಡೀತು. 16 ದೇಶದ ಟೀಮು. ನಮ್ಮ ಕಡೆ ಈ ಆಟ ಯಾರೂ ನೋಡಿಲ್ಲ, ಟಿವಿಯಲ್ಲಿ ಬಂದರೂ ಚಾನೆಲ್ ತಿರುಗಿಸ್ತೀವಿ, ಅಲ್ವಾ? ಸುಲಭವಾಗಿ ಹೇಳ್ತೇನೆ. ಒಂದೊಂದು ಟೀಮಿಗೆ 15 ಜನ, ಆಟ 80 ನಿಮಿಷ. ಮೊಟ್ಟೆ ಆಕಾರದ ಚೆಂಡು. ಅದನ್ನ ಹಿಡ್ಕೊಂಡು ಓಡಿ ಎದುರಾಳಿಯ ಗೆರೆ ದಾಟಿ ನೆಲಕ್ಕೆ ಒತ್ತಿದರೆ 5 ಪಾಯಿಂಟ್, ಅದಕ್ಕೆ ಟ್ರೈ ಅಂತಾರೆ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಎದುರಿನವರು ತಪ್ಪು ಮಾಡಿದಾಗ ಪೆನಾಲ್ಟಿ ಒದ್ದರೆ 3. ಕೈಯಿಂದ ಚೆಂಡನ್ನ ಮುಂದಕ್ಕೆ ಎಸೆಯೋ ಹಂಗಿಲ್ಲ, ಪಕ್ಕಕ್ಕೆ ಇಲ್ಲಾ ಹಿಂದಕ್ಕೇ ಕೊಡಬೇಕು. ಹಿಡಿಯೋದು ಮಾತ್ರ ಚಿನ್ನಿಗೆ ನಾನು ಹೇಳಿಕೊಡೋದೇ ಬೇಡ. ಓಡಿ ಬರೋಳ ತೊಡೆಗೆ ಭುಜ ಕೊಟ್ಟು, ಎರಡೂ ಕೈಯಿಂದ ಕಾಲು ಬಿಗಿಯಾಗಿ ತಬ್ಬಿ ಕೆಡವಬೇಕು. ಅವಳು ಶಾಲೆಯ ಅಂಗಳದಲ್ಲಿ ಮಾಡ್ತಿದ್ದದ್ದು ಅದೇ ಕೆಲಸ.

ನಾನು ಈ ಆಟ ನೋಡೋಕೆ ಶುರು ಮಾಡಿದ್ದು ಈ ವರ್ಷದ ಜನವರಿಯಲ್ಲಿ. ಇಲೋನಾ ಮಾಹರ್ ಅಂತ ಅಮೆರಿಕದ ಆಟಗಾರ್ತಿ ನಮ್ಮ ಊರಿನ ಬ್ರಿಸ್ಟಲ್ ಬೇರ್ಸ್ ಟೀಮಿಗೆ ಬಂದಳು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸೆವೆನ್ಸ್ ರಗ್ಬಿಯಲ್ಲಿ, ಅಂದರೆ ಏಳೇಳು ಜನರ ಆಟದಲ್ಲಿ, ಕಂಚು ಗೆದ್ದವಳು. ಅವಳನ್ನ ನೋಡೋಕೆ 9 ಸಾವಿರಕ್ಕೂ ಜಾಸ್ತಿ ಜನ ಬಂದರು. ಅವಳ ತೂಕ ಸುಮಾರು 90 ಕಿಲೋ, ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 30ರ ಹತ್ತಿರ. ನಾನು ವಾರ್ಡಿನಲ್ಲಿ ದಿನಾ ಪೇಷಂಟುಗಳ ಚಾರ್ಟಿನಲ್ಲಿ ಬಿಎಂಐ ಬರೀತೇನಲ್ಲ, ಆ ಲೆಕ್ಕದಲ್ಲಿ ಅವಳು "ತೂಕ ಜಾಸ್ತಿ" ಅನ್ನೋ ಸಾಲಿಗೆ ಬರ್ತಾಳೆ. ಒಬ್ಬ ಯಾರೋ ಇಂಟರ್‌ನೆಟ್‌ನಲ್ಲಿ ಅವಳ ಮೈ ಬಗ್ಗೆ ಹಂಗೇ ಆಡಿಕೊಂಡಿದ್ದನಂತೆ. ಅವಳು ಮುಚ್ಚಿಡಲಿಲ್ಲ, ತನ್ನ ತೂಕ, ಎತ್ತರ, ಬಿಎಂಐ ಎಲ್ಲಾ ಬಾಯಿಬಿಟ್ಟು ಹೇಳಿ, ಈ ಮೈಯಿಂದಲೇ ತಾನು ಒಲಿಂಪಿಕ್ಸಿಗೆ ಹೋಗ್ತಿದ್ದೇನೆ ಅಂದಳು. ಅದನ್ನ ಕೇಳಿದಾಗ ನನಗೆ ಚಿನ್ನಿ ನೆನಪಾದಳು. ನಿಜ ಹೇಳಬೇಕಂದರೆ ನಾನೂ ನೆನಪಾದೆ. ಹೈಸ್ಕೂಲಿನಲ್ಲಿ ನನಗೆ ಏನೇನು ಹೆಸರಿಟ್ಟು ಕರೀತಿದ್ದರು ಅಂತ ನಿನಗೆ ಗೊತ್ತು. ನಾನು ಆಟದ ಪೀರಿಯಡ್ ಬಂದರೆ ಹೊಟ್ಟೆನೋವು ಅಂತ ಕ್ಲಾಸಿನಲ್ಲೇ ಕೂರ್ತಿದ್ದೆ.

ಅಣ್ಣಾ, ರಗ್ಬಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಇದೇ. ಎಲ್ಲಾ ತರದ ಮೈಗೂ ಅಲ್ಲಿ ಒಂದು ನಂಬರ್ ಇದೆ. 1 ಮತ್ತು 3ನೇ ನಂಬರಿನವರು ಪ್ರಾಪ್, ನಡುವೆ 2ನೇ ನಂಬರಿನ ಹುಕರ್. ಇವರು ಗಟ್ಟಿಮುಟ್ಟು, ಅಗಲ ಭುಜ, ದಪ್ಪ ತೊಡೆ. 4, 5 ಉದ್ದುದ್ದ ಇರೋರು. 9ನೇಯವಳು ಬಹಳ ಸಲ ಟೀಮಿಗೇ ಗಿಡ್ಡಿ, ಆದರೆ ಕೈ ಚುರುಕು, ಬಾಯಿಯೂ ಚುರುಕು. 11, 14 ಗಾಳಿ ಹಂಗೆ ಓಡೋರು. ದಪ್ಪ ಇರೋಳನ್ನ ತೆಳ್ಳಗಾಗಿ ಬಾ ಅಂತ ಯಾರೂ ಕಳಿಸಲ್ಲ, ಅವಳಿಲ್ಲದೆ ಸ್ಕ್ರಮ್ ನಡೆಯೋದೇ ಇಲ್ಲ. ಸ್ಕ್ರಮ್ ಅಂದರೆ ಎರಡೂ ಕಡೆ ಎಂಟೆಂಟು ಜನ ಬಗ್ಗಿ, ಒಬ್ಬರಿಗೊಬ್ಬರು ಹೆಗಲು ಕೊಟ್ಟು, ತಲೆ ಸೇರಿಸಿ ತಳ್ಳೋದು. ಕಬ್ಬು ತುಂಬಿದ ಟ್ರ್ಯಾಲಿ ಎರೆ ಮಣ್ಣಿನಲ್ಲಿ ಹೂತಾಗ ನೀವೆಲ್ಲ ಹೆಗಲು ಕೊಟ್ಟು ಒಂದೇ ಉಸಿರಿಗೆ ನೂಕ್ತೀರಲ್ಲ, ಹಂಗೆ.

ಸೆಮಿಫೈನಲ್ ಎರಡೂ ಇಲ್ಲೇ ಬ್ರಿಸ್ಟಲ್ಲಿನ ಆಷ್ಟನ್ ಗೇಟ್ ಸ್ಟೇಡಿಯಂನಲ್ಲಿ ಇತ್ತು. ನನ್ನ ವಾರ್ಡಿನ ಗೆಳತಿ ವೇಲ್ಸ್‌ನವಳು, ಮೊಣಕಾಲು ಆಪರೇಷನ್ ಆಗೋವರೆಗೂ ಪ್ರಾಪ್ ಆಗಿ ಆಡಿದವಳು. ಅವಳೇ ಟಿಕೆಟ್ ತೆಗೆಸಿದಳು. ಶುಕ್ರವಾರ ಸಂಜೆ ಡ್ಯೂಟಿ ಮುಗಿಸಿ ಸೀದಾ ಹೋದೆವು. ಕೆನಡಾ ಮತ್ತು ನ್ಯೂಜಿಲೆಂಡ್. ನ್ಯೂಜಿಲೆಂಡಿನವರು ಅಲ್ಲಿಯವರೆಗೆ ಆರು ಸಲ ವಿಶ್ವಕಪ್ ಗೆದ್ದವರು. ಆಟಕ್ಕೆ ಮುಂಚೆ ಸಾಲಾಗಿ ನಿಂತು ಹಾಕಾ ಅನ್ನೋ ಕುಣಿತ ಮಾಡ್ತಾರೆ, ತೊಡೆ ತಟ್ಟಿ, ಕಣ್ಣು ಬಿಟ್ಟು, ಕೂಗಿ. ಮೈ ಜುಮ್ ಅಂತು. ಅಂಥವರನ್ನ ಕೆನಡಾ 34-19ಕ್ಕೆ ಸೋಲಿಸಿತು.

ನಮ್ಮ ಸೀಟು ಅಂಚಿಗೇ ಹತ್ತಿರ. ಒಬ್ಬ ಆಟಗಾರ್ತಿ ನಮ್ಮ ಮುಂದೆಯೇ ನಿಂತಿದ್ದಳು. ತೊಡೆಗೆ ಮೊಣಕಾಲಿನ ಮೇಲೆ ದಪ್ಪಗೆ ಟೇಪ್ ಸುತ್ತಿತ್ತು. ಗಾಯವಾ ಅಂತ ಕೇಳಿದೆ. ಅಲ್ಲ, ಹಿಡಿಕೆ ಅಂತ ಗೆಳತಿ ಹೇಳಿದಳು. ಚೆಂಡು ಗೆರೆಯಾಚೆ ಹೋದಾಗ ವಾಪಸ್ ಒಳಗೆ ಎಸೀತಾರೆ, ಆಗ ಟೀಮಿನವರು ಒಬ್ಬಳನ್ನ ಗಾಳಿಯಲ್ಲಿ ಎತ್ತಿ ಹಿಡೀತಾರೆ, ಕೈ ಜಾರದಿರಲಿ ಅಂತ ಆ ಟೇಪು. ಟೇಪ್ ಅಂಚಿನಲ್ಲಿ ಹುಲ್ಲು ಅಂಟಿತ್ತು, ಮೊಣಕೈಯಲ್ಲಿ ತರಚಿದ ಗಾಯ. ಅವಳು ಒಂದು ಸಲ ಮೂಗು ಒರೆಸಿಕೊಂಡು ಮತ್ತೆ ಓಡಿದಳು. ನಮ್ಮ ಹಿಂದಿನ ಸಾಲಿನಲ್ಲಿ ಚಿನ್ನಿಯ ವಯಸ್ಸಿನ ಹುಡುಗಿಯರು ಅವಳ ಹೆಸರು ಹಿಡಿದು ಕೂಗ್ತಿದ್ದರು. ದಪ್ಪ ತೊಡೆಯ ಹೆಂಗಸಿನ ಹೆಸರನ್ನ ಅಷ್ಟು ಪ್ರೀತಿಯಿಂದ ಕೂಗೋದನ್ನ ನಾನು ಮೊದಲ ಸಲ ಕೇಳಿದ್ದು, ಅಣ್ಣಾ. ನನಗೆ ಅಳು ಬಂತು.

ಕೆನಡಾದ ಸೋಫಿ ಡಿ ಗೂಡ್ ಅಂತ ಒಬ್ಬಳಿದ್ದಾಳೆ. ಅವಳ ಅಪ್ಪ 1987ರ ಗಂಡಸರ ವಿಶ್ವಕಪ್ಪಿನಲ್ಲಿ ಕೆನಡಾ ಕ್ಯಾಪ್ಟನ್. ಅವಳ ಅವ್ವ 1991ರ ಹೆಂಗಸರ ಮೊದಲ ವಿಶ್ವಕಪ್ಪಿನಲ್ಲಿ ಕ್ಯಾಪ್ಟನ್. ಮಗಳು ಸ್ಕ್ರಮ್‌ನಲ್ಲಿ ತಳ್ಳೋ ಎಂಟು ಜನರಲ್ಲಿ ಒಬ್ಬಳಾಗಿ ಆಡ್ತಾಳೆ, ಅದರ ಜೊತೆ ಕಂಬಕ್ಕೆ ಚೆಂಡನ್ನೂ ಒದೀತಾಳೆ, ಆ ಜಾಗದಲ್ಲಿ ಆಡೋರು ಒದೆಯೋದು ತೀರಾ ಅಪರೂಪ. 2024ರಲ್ಲಿ ಮೊಣಕಾಲಿನ ಲಿಗಮೆಂಟ್, ಅಂದರೆ ಮೂಳೆಗಳನ್ನ ಕೂಡಿಸಿ ಹಿಡಿಯೋ ನಾರು, ಹರಿದುಕೊಂಡು ಸುಮಾರು ಒಂದು ವರ್ಷ ಮೈದಾನದಿಂದ ಹೊರಗಿದ್ದಳು. ವಾಪಸ್ ಬಂದು ಈ ವರ್ಷದ ಜಗತ್ತಿನ ಉತ್ತಮ ಆಟಗಾರ್ತಿ ಅನ್ನೋ ಪ್ರಶಸ್ತಿ ತಗೊಂಡಳು. ಇನ್ನೊಂದು ಗೊತ್ತಾ? ಆ ಟೀಮಿನ ತಯಾರಿಗೆ ರೊಕ್ಕ ಸಾಲದೆ, ಜನರ ಹತ್ತಿರ ಕೇಳಿ ಸುಮಾರು 10 ಲಕ್ಷ ಕೆನಡಾ ಡಾಲರ್ ಕೂಡಿಸಿದ್ದರು. ಹಂಗೆ ಬಂದವರು ಫೈನಲ್ ಮುಟ್ಟಿದರು.

ಫೈನಲ್ ಲಂಡನ್ನಿನ ಟ್ವಿಕನಮ್‌ನಲ್ಲಿ. ಅಲ್ಲಿಗೂ ಹೋದೆವು. 81,885 ಮಂದಿ! ಹೆಂಗಸರ ರಗ್ಬಿ ನೋಡೋಕೆ ಇಷ್ಟು ಜನ ಯಾವತ್ತೂ ಸೇರಿರಲಿಲ್ಲ. ಇಂಗ್ಲೆಂಡಿನವರಿಗೆ ಹಳೆ ನೋವು ಇತ್ತು. ಕಳೆದ ವಿಶ್ವಕಪ್ಪಿನ ಫೈನಲ್, 2022ರಲ್ಲಿ ನ್ಯೂಜಿಲೆಂಡಿನಲ್ಲಿ, ಮೊದಲ ಅರ್ಧದಲ್ಲೇ ಒಬ್ಬಳಿಗೆ ರೆಡ್ ಕಾರ್ಡ್ ಆಗಿ, ಉಳಿದ 14 ಜನ ಕೊನೆಯವರೆಗೂ ಹೋರಾಡಿ 34-31ಕ್ಕೆ ಸೋತಿದ್ದರು. ಆಮೇಲೆ ಒಂದು ಆಟವೂ ಸೋತಿರಲಿಲ್ಲ. ಈ ಸಲ ಮೊದಲ ಟ್ರೈ ಕೆನಡಾದ್ದು, ಸ್ಟೇಡಿಯಂ ಗಪ್‌ಚುಪ್. ಸ್ವಲ್ಪ ಹೊತ್ತಿಗೆ ಎಲಿ ಕಿಲ್ಡನ್ ಅನ್ನೋ ಗುಂಗುರು ಕೂದಲಿನ ಹುಡುಗಿ ದೂರದಿಂದ ಚೆಂಡು ಹಿಡಿದು, ಒಬ್ಬೊಬ್ಬರನ್ನೇ ತಪ್ಪಿಸಿ, ಗೆರೆ ದಾಟಿದಳು. ಅಲ್ಲಿಂದ ಇಂಗ್ಲೆಂಡೇ. 33-13. ಪಂದ್ಯದ ಉತ್ತಮ ಆಟಗಾರ್ತಿ ಸಾದಿಯಾ ಕಬೇಯಾ, ಎಷ್ಟು ಸಲ ಎದುರಾಳಿಗಳನ್ನ ಕೆಡವಿದಳು ಅಂತೀನಿ.

ನಿನಗೆ ಸೋಲಿನ ಕತೆ ಜಾಸ್ತಿ ಇಷ್ಟ ಅಂತ ಗೊತ್ತು, ಅದಕ್ಕೆ ಸಮೋವಾದ್ದೂ ಹೇಳ್ತೇನೆ. ಸಣ್ಣ ದ್ವೀಪಗಳ ದೇಶ, ಆಟವೇ ನೌಕರಿ ಅನ್ನೋ ಅನುಕೂಲ ಅವರಿಗಿಲ್ಲ. ಮೊದಲ ಆಟದಲ್ಲಿ ಆಸ್ಟ್ರೇಲಿಯಾ ಮೇಲೆ 73-0, ಆಮೇಲೆ ಇಂಗ್ಲೆಂಡ್ ಮೇಲೆ 92-3, ಕೊನೆಗೆ ಅಮೆರಿಕ ಮೇಲೆ 60-0. ಆ 3 ಪಾಯಿಂಟ್ ಒಂದು ಪೆನಾಲ್ಟಿ ಒದ್ದು ಬಂದದ್ದು, ಇಡೀ ಟೂರ್ನಿಯಲ್ಲಿ ಅವರಿಗೆ ಸಿಕ್ಕಿದ್ದು ಅಷ್ಟೇ. ಟಿವಿಯಲ್ಲಿ ನೋಡ್ತಿದ್ದೆ. ಕಂಬದ ನಡುವೆ ಚೆಂಡು ಹೋದಾಗ ಅವರು ಕಪ್ ಗೆದ್ದವರ ಹಂಗೆ ಕುಣಿದರು. ಯಾವ ಅಪ್ಪನಾದರೂ ಅದನ್ನ ನೋಡಿ ಮಗಳನ್ನ ಮನೇಲಿ ಕೂರಿಸ್ತಾನಾ?

ನೀನು "ಅದು ಇಂಗ್ಲೆಂಡ್, ಇದು ಮುಧೋಳ" ಅಂತೀಯ. ಇಲ್ಲೂ ಮೊದಲು ಹಿಂಗಿರಲಿಲ್ಲ, ಅಣ್ಣಾ. 1991ರಲ್ಲಿ ವೇಲ್ಸ್‌ನಲ್ಲಿ ಮೊದಲ ವಿಶ್ವಕಪ್ ಆದಾಗ ರಗ್ಬಿಯ ದೊಡ್ಡ ಸಂಸ್ಥೆ ಅದಕ್ಕೆ ಮಾನ್ಯತೆಯನ್ನೇ ಕೊಟ್ಟಿರಲಿಲ್ಲ. ಆಡೋ ಹೆಂಗಸರೇ ನಿಂತು ನಡೆಸಿದರು. ಸೋವಿಯತ್ ಟೀಮಿನವರ ಹತ್ತಿರ ರೊಕ್ಕ ಇಲ್ಲದೆ, ಊರಿಂದ ತಂದ ಸಾಮಾನು ಮಾರಿ ಖರ್ಚು ನಿಭಾಯಿಸೋಕೆ ನೋಡಿದರು. ಇಂಗ್ಲೆಂಡ್ ಹೆಣ್ಣುಮಕ್ಕಳಿಗೆ 15 ಜನರ ಆಟಕ್ಕೆ ಪೂರ್ತಿ ಸಂಬಳದ ಕರಾರು ಸಿಕ್ಕಿದ್ದು 2019ರಲ್ಲಿ. ಮೊನ್ನೆ ಮೊನ್ನೆ.

ನಮ್ಮ ದೇಶದ ಹುಡುಗಿಯರೂ ಆಡ್ತಾರೆ. 15 ಜನರ ಆಟದಲ್ಲಿ ಭಾರತದ ಹೆಂಗಸರ ಟೀಮು 2018ರಲ್ಲಿ ಶುರುವಾಯ್ತು, ಮರುವರ್ಷವೇ ಮನಿಲಾದಲ್ಲಿ ಸಿಂಗಪುರವನ್ನ 21-19ಕ್ಕೆ ಸೋಲಿಸಿತು, ಅದೇ ಮೊದಲ ಗೆಲುವು. ಅದರಲ್ಲಿ ಒಡಿಶಾ, ಬಿಹಾರದ ಹಳ್ಳಿ ಕಡೆಯ ಹುಡುಗಿಯರು ಇದ್ದಾರೆ. ಚಿನ್ನಿ ರಗ್ಬಿ ಆಡಲಿ ಅಂತ ನಾನು ಹೇಳ್ತಿಲ್ಲ. ಅವಳಿಗೆ ಕಬಡ್ಡಿ ಬರುತ್ತೆ, ಅದನ್ನೇ ಆಡಲಿ. ನಮ್ಮ ಕರ್ನಾಟಕದ ಮಮತಾ ಪೂಜಾರಿ ಕಬಡ್ಡಿ ಆಡಿಯೇ ಭಾರತ ಟೀಮಿನ ಕ್ಯಾಪ್ಟನ್ ಆದರು, ಅರ್ಜುನ ಪ್ರಶಸ್ತಿ ಬಂತು, ರೈಲ್ವೆ ನೌಕರಿ ಬಂತು. ನೌಕರಿ ಮಾತು ನಿನಗೆ ಮುಖ್ಯ ಅಂತ ಬರೆದೆ.

ಪೆಟ್ಟಾಗುತ್ತೆ ಅನ್ನೋ ಹೆದರಿಕೆ ವೈನಿಗೆ ಇದೆ. ಅದು ಸುಮ್ನೆ ಹೆದರಿಕೆ ಅಲ್ಲ, ನಾನೂ ಆಸ್ಪತ್ರೆಯಲ್ಲಿ ನೋಡ್ತೇನೆ. ಮೊಣಕಾಲಿನ ಲಿಗಮೆಂಟ್ ಹರಿಯೋದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಆದರೆ ಅದಕ್ಕೆ ದಾರಿ ಇದೆ. ಆಡೋ ಮುಂಚೆ ಮೈ ಬಿಸಿ ಮಾಡ್ಕೋಬೇಕು, ತೊಡೆಗೆ ಶಕ್ತಿ ಬರೋ ಕಸರತ್ತು ಮಾಡಬೇಕು, ಜಿಗಿದು ಇಳಿಯುವಾಗ ಮೊಣಕಾಲು ಒಳಗೆ ಬಾಗದ ಹಂಗೆ ರೂಢಿ ಮಾಡಬೇಕು. ಈ ವಿಶ್ವಕಪ್ಪಿನಲ್ಲಿ ಆಟಗಾರ್ತಿಯರು ಹಲ್ಲಿಗೆ ಹಾಕ್ಕೊಳ್ಳೋ ಗಾರ್ಡಿನಲ್ಲೇ ಸೆನ್ಸರ್ ಇತ್ತು. ತಲೆಗೆ ಜೋರು ಪೆಟ್ಟಿನ ಅದುರು ತಗುಲಿದರೆ ಅದು ಕೆಂಪಗೆ ಮಿನುಗುತ್ತೆ, ಆಗ ಅವಳನ್ನ ಹೊರಗೆ ಕರೆದು ತಲೆಗೆ ಏನಾಗಿದೆ ಅಂತ ಪರೀಕ್ಷೆ ಮಾಡಿದ ಮೇಲೆಯೇ ಮತ್ತೆ ಆಟ. ಪೆಟ್ಟಿಗೆ ಹೆದರಿ ಆಟ ಬಿಡಿಸಲಿಲ್ಲ, ಪೆಟ್ಟನ್ನ ಕಂಡುಹಿಡಿಯೋ ದಾರಿ ಮಾಡಿದರು. ಚಿನ್ನಿಗೆ ಕಸರತ್ತು ನಾನು ವಿಡಿಯೋ ಕಾಲಿನಲ್ಲಿ ಹೇಳಿಕೊಡ್ತೇನೆ, ಪಿಟಿ ಸರ್ ಹತ್ತಿರವೂ ನಾನೇ ಮಾತಾಡ್ತೇನೆ.

ಚಡ್ಡಿ ಮಾತಿಗೆ ಬರ್ತೇನೆ. ಮೊಣಕಾಲು ಮುಚ್ಚೋ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಆಡಬಹುದಾ ಅಂತ ಸರ್‌ನ ಕೇಳು, ಆಗುತ್ತೆ ಅಂದರೆ ಹಂಗೇ ಆಡಲಿ. ಆಗಲ್ಲ ಅಂದರೂ ಆಡಲಿ. ಮಂದಿ ಬಾಯಿಗೆ ಹೆದರಿ ನಾನು ಕ್ಲಾಸಿನಲ್ಲಿ ಕೂತೆ, ಆ ಮಂದಿಯಲ್ಲಿ ಒಬ್ಬರೂ ಇವತ್ತು ನನ್ನ ಕಷ್ಟಸುಖಕ್ಕೆ ಇಲ್ಲ. ಮೈ ದಪ್ಪ ಅಂತ ಅವಳ ಮುಂದೆ ಇನ್ನೊಂದು ಸಲ ಅನ್ನಬೇಡ, ಅಣ್ಣಾ. ಕೈ ಮುಗೀತೇನೆ. ಬೇರೆ ಯಾರು ಅಂದರೂ ಮರೀತಾಳೆ, ಅಪ್ಪ ಅಂದದ್ದು ಮರೆಯಲ್ಲ.

ಜಿಲ್ಲಾ ಮಟ್ಟದ ಆಟ ಯಾವತ್ತು, ಬಾಗಲಕೋಟೆಯಲ್ಲೋ ಬೇರೆ ಕಡೆಯೋ, ತಿಳ್ಕೊಂಡು ತಿಳಿಸು. ನನ್ನ ಜೊತೆ ಕೆಲಸ ಮಾಡೋ ಹುಬ್ಬಳ್ಳಿಯವರೊಬ್ಬರು ದೀಪಾವಳಿಗೆ ಊರಿಗೆ ಬರ್ತಿದ್ದಾರೆ. ಅವರ ಕೈಯಲ್ಲಿ ಮೊಣಕಾಲಿನ ಪ್ಯಾಡ್ ಮತ್ತು ಶೂ ಕಳಿಸ್ತೇನೆ. ಚಿನ್ನಿಯ ಪಾದ ಹಾಳೆ ಮೇಲೆ ಇಡಿಸಿ, ಸುತ್ತ ಪೆನ್ನಿನಿಂದ ಗೀಚಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸು. ಈ ವಾರದಲ್ಲೇ ಕಳಿಸು, ಅಂಗಡಿಗೆ ಹೋಗೋಕೆ ನನಗೆ ಶನಿವಾರ ಮಾತ್ರ ರಜೆ.

ಅವ್ವನಿಗೆ ಬಿಪಿ ಗುಳಿಗೆ ತಪ್ಪಿಸಬಾರದು ಅಂತ ಹೇಳು. ಅಪ್ಪನಿಗೂ ವೈನಿಗೂ ನಮಸ್ಕಾರ.

ನಿನ್ನ ತಂಗಿ